ಕ್ಲಾಸಿನ್ಯಾಗ ಶುಗರ್ ಇರೋ ಹುಡುಗಿ ಅದಾಳ, ನಿಮ್ಮ ಅನುಭವ ಹೇಳ್ರಿ

ನಮಸ್ಕಾರ್ರಿ, ನಮ್ಮದು ಸಿಂಧನೂರ ಕಡಿ ಹಳ್ಳಿ ಶಾಲಿ. ಈ ವರ್ಷ ಐದನೇ ಕ್ಲಾಸಿಗೆ ಟೈಪ್ 1 ಶುಗರ್ (ಮೈಯಾಗ ಇನ್ಸುಲಿನ್ ತಯಾರಾಗದ ಸಕ್ರಿ ಕಾಯಿಲೆ) ಇರೋ ಹುಡುಗಿ ಬಂದಾಳ, ಊಟಕ್ಕಿಂತ ಮೊದಲ ಶುಗರ್ ಇಳಿಸೋ ಇನ್ಸುಲಿನ್ ತಾನೇ ಚುಚ್ಕೋತಾಳ. ನರ್ಸ್ ಯಾರೂ ಇಲ್ಲ. ಏನಾರ ಆದ್ರ ನಾವು ಟೀಚರ್‌ಗೋಳು ಏನ್ ಮಾಡ್ಬೇಕ್ರಿ?

ಕುಷ್ಟಗಿ ಕಡಿಯಿಂದ:
ನಮ್ಮಲ್ಲೂ ಒಬ್ಬ ಹುಡುಗ ಅದಾನ್ರಿ ಮೇಡಂ. ಮೊದಲ ನಾವೆಲ್ಲಾ ಶುಗರ್ ಏರಿದ್ರ ಏನ್ ಗತಿ ಅಂತ ಹೆದರಿ ಆಗಸ್ಟ್ 15ರ ಲಾಡೂನೂ ಕೊಟ್ಟಿದ್ದಿಲ್ಲ (ಪಾಪ, ಅತ್ತುಬಿಟ್ಟ), ಆದ್ರ ಶಾಲ್ಯಾಗ ದಿಢೀರ್ ಅಂತ ಕಾಡೋದು ಇಳಿಯೋದು, ಅದೂ ಆಟದ ಪೀರಿಯಡ್ ಆದಮ್ಯಾಲೆ. ಒಂದಿನ ಖೋಖೋ ಆಡಿ ಬಂದು ನೋಟ್ಸ್ ಬರಿಯಾಕತ್ತಿದ್ದ, ಅಕ್ಷರ ಗೆರಿ ಬಿಟ್ಟು ಕೆಳಗ ಇಳಕೋತ ಹೊಂಟಾವ, ಅಂಗಿ ಬೆವತು ತೊಯ್ದೈತಿ, ಕೇಳಿದ್ರ ನನ್ನ ಮ್ಯಾಲೇ ಸಿಟ್ಟಿಗೇಳ್ತಾನ. ನಾನು ಬಿಸಲಿಗೆ ಹಿಂಗಾಗ್ಯಾನ ಅನ್ಕೊಂಡೆ, ಬಾಜೂಕ ಕುಂತ ಹುಡುಗನೇ ಸರ್ ಶುಗರ್ ಇಳದೈತಿ ನೋಡ್ರಿ ಅಂದ. ಶುಗರ್ ನೋಡೋ ಮೀಟರ್‌ನ್ಯಾಗ 52. 70ರ ಕೆಳಗ ಬಂದ್ರ ಲೋ ಅಂತ ಲೆಕ್ಕ. ಅಡಿಗಿ ಅಕ್ಕಾರ ಕಡಿಂದ ಮೂರು ಸಣ್ಣ (ಚಾ) ಚಮಚ ಸಕ್ರಿ ತಂದು ನೀರಾಗ ಕಲಸಿ ಕುಡಿಸಿ, 15 ನಿಮಿಷ ಕುಂದ್ರಿಸಿ ನೋಡಿದ್ರ 81. ಆಮ್ಯಾಲೆ ಬಿಸ್ಕಿಟ್ ತಿನಿಸಿದ್ವಿ, ಇಲ್ಲಂದ್ರ ಮತ್ತ ಇಳಿತೈತಿ. ಚಾಕ್ಲೇಟ್ ಮಾತ್ರ ನಂಬಬ್ಯಾಡ್ರಿ, ಅದರ ಜಿಡ್ಡಿಗೆ ಸಕ್ರಿ ಲಗೂ ಏರಂಗಿಲ್ಲ. ಈಗ ಸಕ್ರಿ ಡಬ್ಬಿ ನನ್ನ ಟೇಬಲ್ ಮ್ಯಾಲೇ ಇರ್ತೈತಿ, ಬೀರುನ್ಯಾಗ ಇಟ್ರ ಚಾವಿ ಹುಡುಕೋದ್ರಾಗ ಹೊತ್ತು ಹೋಗ್ತೈತಿ.

ರಾಯಚೂರಿಂದ, ಒಬ್ಬ ತಾಯಿ:
ನನ್ನ ಮಗಳಿಗೂ ಅದ. ತಲಿ ತಿರಗ್ತದ ಅಂದಕಿನ್ನ ಒಬ್ಬಕಿನ್ನೇ ಆಫೀಸ್ ರೂಮಿಗೆ ಕಳಸಬ್ಯಾಡ್ರಿ, ನಮ್ಮಕಿನ್ನ ಹಂಗ ಕಳಿಸಿದ್ರು, ನೀರಿನ ಟಾಕಿ ಹತ್ರ ಬಿದ್ದಿದ್ಲು. ಎಚ್ಚರ ಇಲ್ಲಂದ್ರ ಬಾಯಾಗ ಏನೂ ಹಾಕಬಾರ್ದು, ಉಸಿರಿಗೆ ಸಿಗ್ತದ, ಮಗ್ಗಲಕ್ಕ ಮಲಗಿಸಿ 108ಕ್ಕ ಫೋನ್ ಹಚ್ರಿ. ಶುಗರ್ ಇಳಿದಾಗ ಇನ್ಸುಲಿನ್ ಕೊಡ್ಲೇಬಾರ್ದು. ಪದೇಪದೇ ನೀರು, ಬಾತ್‌ರೂಮ್ ಅಂದ್ರ ಬೈಬ್ಯಾಡ್ರಿ, ಏರಿದ್ದಕ್ಕ ಹಂಗ ಆಗ್ತದ, ನಮಗೊಂದು ಫೋನ್ ಮಾಡಿದ್ರ ಸಾಕು.

ಬಳ್ಳಾರಿಯಿಂದ:
ಇನ್ಸುಲಿನ್ ಬ್ಯಾಗಲ್ಲೇ ಬಿಸ್ಲಿಗೆ ಬಿಡಬೇಡ್ರಿ, ನಮ್ಮೂರ ಏಪ್ರಿಲ್ ಗೊತ್ತಲ್ಲ. ಫ್ರಿಜ್ ಇಲ್ಲಾಂದ್ರೆ ಡಬ್ಬೀಲಿ ಹಾಕಿ ನೀರು ತಾಗದಂಗೆ ಮಣ್ಣಿನ ಗಡಿಗೇಲಿಟ್ಟು ಸುತ್ತ ಹಸಿಬಟ್ಟೆ ಸುತ್ತಿ.

ಸಿಂಧನೂರ ಮೇಡಂ:
ಎಲ್ಲಾರಿಗೂ ಥ್ಯಾಂಕ್ಸ್ ರಿ. ಇನ್ನೊಂದು, ಮೊನ್ನೆ ಗ್ಯಾಸ್ ಮುಗದು ಊಟ ಮುಕ್ಕಾಲು ತಾಸು ಲೇಟಾತು, ಆಕಿ ಅಷ್ಟೊತ್ತಿಗೆ ಚುಚ್ಕೊಂಡಿದ್ಲು!

ರಾಯಚೂರ ತಾಯಿ:
ಅಯ್ಯೋ, ಅದು ಡೇಂಜರ್ ರೀ, ಚುಚ್ಕೊಂಡು ಊಟ ಲೇಟಾದ್ರ ಶುಗರ್ ಇಳಿತದ. ನಾವು ಡಾಕ್ಟ್ರನ್ನ ಕೇಳಿ, ತಾಟಿನ್ಯಾಗ ಅನ್ನ ಬಿದ್ದ ಮ್ಯಾಲೇ ಚುಚ್ಕೋ ಅಂತ ಹೇಳೀವಿ. ಅಡಿಗಿ ಅಕ್ಕಾರಿಗೂ ಇದು ಗೊತ್ತಿರ್ಲಿ, ಆಕಿಗೆ ಮೊದಲ ಬಡಸ್ತಾರ.