ಗೇಟಿನ ಮುಂದೆ ತೋಡಬೇಕು, ಕೆಳಗೆ ಕೇಬಲ್ ಎಲ್ಲಿದೆ ಅಂತ ತಿಳಿಯೋದು ಹೇಗೆ?

ಸೇಡಂ ರಸ್ತೆ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಲಬುರಗಿಯಲ್ಲಿ, ಸೇಡಂ ರಸ್ತೆ ಕಡೆ ಇದೆ. ಒಳಚರಂಡಿ ಪೈಪ್ ಬದಲಿಸಬೇಕು. ಗೇಟಿನಿಂದ ರಸ್ತೆಯ ಚೇಂಬರ್‌ವರೆಗೆ 35 ಅಡಿ ಉದ್ದ, 3 ಅಡಿ ಆಳ. ಜೆಸಿಬಿಯವರು "ಒಂದು ತಾಸಿನ ಕೆಲಸ, ಕೆಳಗೇನೂ ಇಲ್ಲ" ಅಂತಾರೆ. ನನಗೆ ಧೈರ್ಯ ಬರ್ತಿಲ್ಲ. ಹೋದ ಏಪ್ರಿಲ್‌ನಲ್ಲಿ ಹಿಂದಿನ ಗಲ್ಲಿಯಲ್ಲಿ ಹೀಗೇ ತೋಡುವಾಗ ಕೇಬಲ್ ತುಂಡಾಯಿತು. ಎರಡು ರಾತ್ರಿ ಫ್ಯಾನ್ ಇಲ್ಲ. ಅವ್ವನಿಗೆ ಎಂಬತ್ತರ ಹತ್ತಿರ. ಒದ್ದೆ ಟವೆಲ್ ಹೊದಿಸಿ ಬೆಳಗಿನವರೆಗೆ ಬೀಸಣಿಗೆ ಬೀಸಿದ್ದೇನೆ.

ಗೇಟಿನ ಎಡಕ್ಕೆ ಕಂಬ ಇದೆ. ಅದರಿಂದ ಒಂದು ದಪ್ಪ ಕೇಬಲ್ ಪೈಪ್ ಒಳಗಿಂದ ನೆಲಕ್ಕೆ ಇಳಿದಿದೆ. ಮುಂದೆ ಎತ್ತ ಹೋಗಿದೆಯೋ ಗೊತ್ತಿಲ್ಲ. ಹುಡುಕುವ ಮಷೀನ್ ತರಿಸಿದರೆ ಸಾಕಾ?

ನಿವೃತ್ತ ಕೇಬಲ್ ಜಾಯಿಂಟರ್, ಕಲಬುರಗಿ:

ತಮ್ಮಾ, ಜೆಸಿಬಿ ಇವತ್ತೇ ಬೇಡ ಅನ್ನು. ಮೊದಲು ಕರೆಂಟ್ ಸಹಾಯವಾಣಿ 1912ಕ್ಕೆ ಫೋನ್ ಮಾಡು, ಆಮೇಲೆ ನಮ್ಮ ಕಡೆಯ ಕರೆಂಟ್ ಕಂಪನಿ ಜೆಸ್ಕಾಂನ ಸೆಕ್ಷನ್ ಆಫೀಸಿಗೆ ಹೋಗಿ ಲೈನ್‌ಮ್ಯಾನ್‌ನನ್ನು ಸ್ಥಳಕ್ಕೆ ಕರೆದು ತಾ. ನೀರಿನವರನ್ನೂ ಕೇಳು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 'ಕಾಲ್ ಬಿಫೋರ್ ಯು ಡಿಗ್' ಅಂತ ಆ್ಯಪ್ ಶುರು ಮಾಡಿದೆ. ತೋಡುವ ಜಾಗ ಅದರಲ್ಲಿ ಹಾಕಿದರೆ, ಅಲ್ಲಿ ಲೈನ್ ಇರುವವರಿಗೆ ಸುದ್ದಿ ಹೋಗಲಿ ಅಂತಲೇ ಮಾಡಿದ್ದು. ಅದನ್ನೂ ಹಾಕು. ಅಲ್ಲಿಂದ ಉತ್ತರ ಬರಲಿಲ್ಲ ಅಂದರೆ ಕೆಳಗೆ ಏನೂ ಇಲ್ಲ ಅಂತ ಮಾತ್ರ ತಿಳ್ಕೋಬೇಡ.

ಮಷೀನ್ ವಿಷಯ. ಕೇಬಲ್ ಲೊಕೇಟರ್ ಒಳ್ಳೇದೇ. ಆದರೆ ಸುಮ್ನೆ ಹಿಡಿದು ನಡೆದರೆ ಅದು ಕರೆಂಟ್ ಹರಿಯುವ ಕೇಬಲ್ ಸದ್ದನ್ನಷ್ಟೇ ಹಿಡಿಯುತ್ತದೆ. ಲೋಡ್ ಇಲ್ಲದಿದ್ದರೆ ಸುಮ್ಮನಿರುತ್ತದೆ. ಗೊತ್ತಿದ್ದವನು ಟ್ರಾನ್ಸ್‌ಮಿಟರ್‌ನಿಂದ ಸಿಗ್ನಲ್ ಬಿಟ್ಟು ಹುಡುಕಬೇಕು. ಇನ್ನು ನೆಲದೊಳಗೆ ರಾಡಾರ್ ಬಿಡುವ ಮಷೀನ್ ನಮ್ಮ ಎರೆ ಮಣ್ಣಿಗೆ ಅಷ್ಟಾಗಿ ಆಗಿಬರುವುದಿಲ್ಲ. ಹಸಿ ಜಿಗಟು ಮಣ್ಣು ಆ ಅಲೆಯನ್ನು ನುಂಗಿಬಿಡುತ್ತದೆ.

ಆಳವನ್ನೂ ನಂಬಬೇಡ. ನಿಯಮದಲ್ಲಿ ಮನೆಗೆ ಬರುವ ಲೈನ್ 75 ಸೆಂಟಿಮೀಟರ್, 11 ಕೆವಿಯ ಹೈಟೆನ್ಷನ್ ಲೈನ್ 90 ಸೆಂಟಿಮೀಟರ್ ಕೆಳಗಿರಬೇಕು. ಅಂದರೆ ಸುಮಾರು ಎರಡೂವರೆ ಅಡಿ, ಮೂರು ಅಡಿ. ಎರಡೂ ನಿನ್ನ ಗುಂಡಿಯ ಆಳದಲ್ಲೇ ಬರುತ್ತವೆ ನೋಡು. ರಸ್ತೆ ತಗ್ಗಿಸಿದ ಕಡೆ ಒಂದೂವರೆ ಅಡಿಗೇ ಕೇಬಲ್ ಸಿಕ್ಕಿದ್ದನ್ನು ನಾನು ಕಂಡಿದ್ದೇನೆ. ಜಾಯಿಂಟ್ ಇರುವ ಕಡೆ ಮುಂದಿನ ರಿಪೇರಿಗೆ ಬೇಕಾಗುತ್ತದೆ ಅಂತ ಹೆಚ್ಚುವರಿ ಕೇಬಲ್ ಸುತ್ತಿ ಬಿಟ್ಟಿರುತ್ತೇವೆ. ಅದಕ್ಕೆ ಕಂಬದಿಂದ ಕಂಬಕ್ಕೆ ನೇರ ಗೆರೆ ಎಳೆದರೆ ತಪ್ಪುತ್ತದೆ.

ಕೈಯಿಂದ ತೋಡಿ ಕಣ್ಣಾರೆ ನೋಡುವುದೇ ಖಾತ್ರಿ. ಕೇಬಲ್ ಹೋಗಿರಬಹುದು ಅನ್ನುವ ದಿಕ್ಕಿಗೆ ಅಡ್ಡವಾಗಿ ಸಣ್ಣ ಗುಂಡಿ ತೆಗಿ. ಹಾರೆ, ಪಿಕಾಸಿ ಬೇಡ. ಸಲಿಕೆಯಿಂದ, ಮಗ್ಗುಲಿಂದ, ಪದರ ಪದರವಾಗಿ ಮಣ್ಣು ಕೆರೆದು ತೆಗಿ. ಎರೆ ಮಣ್ಣು ಕರ್ರಗೆ ಉಂಡೆ ಉಂಡೆಯಾಗಿ ಬರುತ್ತಿರುತ್ತದೆ. ನಡುವೆ ಒಮ್ಮೆಲೇ ಸಲಿಕೆ ಹಗುರಾಗಿ ಉಸುಕು ಬಂತು, ಇಲ್ಲ ಕೆಂಪು ಇಟ್ಟಿಗೆ ಚೂರು ಕಂಡಿತು ಅಂದರೆ ಕೈ ನಿಲ್ಲಿಸು. ಉಸುಕು ಅಲ್ಲಿ ತಾನಾಗಿ ಬರುವುದಿಲ್ಲ. ಕೇಬಲ್ ಹಾಸುವವರು ಸುತ್ತ ಉಸುಕು ತುಂಬಿ ಮೇಲೆ ಇಟ್ಟಿಗೆ ಮುಚ್ಚುತ್ತಾರೆ. ಇಟ್ಟಿಗೆ ಸಿಗದ ಕಡೆ ಶಹಾಬಾದ್ ಫರ್ಸಿ ತುಂಡು ಮುಚ್ಚಿದ್ದೂ ನೋಡಿದ್ದೇನೆ. ಕಂಡ ಕೇಬಲ್ ಸತ್ತಿದೆ ಅಂತ ಯಾರು ಹೇಳಿದರೂ ಮುಟ್ಟಬೇಡ.

ಇನ್ನೊಂದು ಮಾತು, ಇದನ್ನು ಕೈ ಮುಗಿದು ಹೇಳ್ತೀನಿ. ಕೇಬಲ್‌ಗೆ ಸ್ವಲ್ಪ ಗೀರು ಬಿದ್ದರೂ ಮಣ್ಣು ಮುಚ್ಚಿ ಸುಮ್ಮನಾಗಬೇಡಿ. ಆ ದಿನ ದೀಪ ಉರಿಯುತ್ತದೆ. ಮಳೆಗಾಲದಲ್ಲಿ ಆ ಗೀರಿನಿಂದ ನೀರು ಇಳಿಯುತ್ತದೆ, ಎಷ್ಟೋ ತಿಂಗಳ ಮೇಲೆ ಕೇಬಲ್ ಸಿಡಿಯುತ್ತದೆ. ರಾತ್ರಿ ಮಳೆಯಲ್ಲಿ ಗುಂಡಿಯೊಳಗೆ ಕೂತು ಹೊಸ ಜಾಯಿಂಟ್ ಹಾಕುವಾಗ, ಹಳೇ ಹಾರೆಯ ಗುರುತು ಎಷ್ಟು ಸಲ ನನ್ನ ಬೆರಳಿಗೆ ತಾಗಿದೆಯೋ ಲೆಕ್ಕವಿಲ್ಲ.

ಜೆಸಿಬಿ ಆಪರೇಟರ್, ಬೀದರ್:

ಕಾಕಾ ಹೇಳಿದ್ದು ಸರಿ. ನಮ್ಮ ಕಡೆ ಕೆಂಪು ಜಂಬಿಟ್ಟಿಗೆ ನೆಲ, ಬಕೆಟ್ ಜಾರಿ ಒಮ್ಮೆಲೇ ಒಳಗೆ ಹೋಗುತ್ತದೆ. ಸೀಟಿನಲ್ಲಿ ಕೂತವನಿಗೆ ಗುಂಡಿಯ ತಳ ಕಾಣುವುದಿಲ್ಲ ಅಣ್ಣಾ. ಕೇಬಲ್ ಸಿಕ್ಕ ಜಾಗದ ಎರಡೂ ಬದಿ ಎರಡೆರಡು ಅಡಿ ಕೈಯಿಂದಲೇ ತೋಡಿಸಿ. ಉಳಿದದ್ದಕ್ಕೆ ಹಲ್ಲಿಲ್ಲದ ಬಕೆಟ್ ಕೇಳಿ, ನೋಡಲು ಒಬ್ಬನನ್ನು ನಿಲ್ಲಿಸಿ.

ಬಕೆಟ್ ಕೇಬಲ್‌ಗೆ ತಾಗಿದರೆ ಆಪರೇಟರ್ ಕೆಳಗೆ ಇಳಿಯಬಾರದು. ಕರೆಂಟ್ ತೆಗೆದಿದ್ದೇವೆ ಅಂತ ಜೆಸ್ಕಾಂನವರು ಹೇಳುವವರೆಗೆ ಸೀಟಿನಲ್ಲೇ ಇರಬೇಕು. ಬೆಂಕಿ ಹತ್ತಿದರೆ ಮಾತ್ರ, ಎರಡೂ ಕಾಲು ಜೋಡಿಸಿ ದೂರಕ್ಕೆ ಜಿಗಿಯಬೇಕು. ಗಾಡಿಯನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು. ಉಳಿದವರು 30 ಅಡಿ ಆಚೆ. ಉಳಿಸಲು ಅಂತ ಓಡಿ ಬಂದು ಗಾಡಿ ಹಿಡಿಯುವವರೇ ಜಾಸ್ತಿ, ಅವರನ್ನು ತಡೆಯಿರಿ.

ಪ್ಲಂಬರ್, ಯಾದಗಿರಿ:

ನೀರಿನ ಪೈಪ್ ಮರೀಬೇಡಿ. ಕಪ್ಪು ಎಚ್‌ಡಿಪಿಇ ಪೈಪ್ ಪ್ಲಾಸ್ಟಿಕ್, ಲೊಕೇಟರ್‌ಗೆ ಕಾಣುವುದೇ ಇಲ್ಲ. ಹೊಸ ಪೈಪ್ ಹಾಕುವಾಗ ಜೊತೆಗೆ ಇನ್ಸುಲೇಷನ್ ಇರುವ ತಾಮ್ರದ ತಂತಿ ಎಳೆಯಿರಿ, ಮುಂದೆ ಲೊಕೇಟರ್‌ನಿಂದ ಹುಡುಕಲು ಆಗುತ್ತದೆ. ಒಂದಡಿ ಮೇಲೆ ಎಚ್ಚರಿಕೆ ಟೇಪ್ ಹಾಸಿ.

ಸೇಡಂ ರಸ್ತೆ ನಿವಾಸಿ:

ಎಲ್ಲರಿಗೂ ಧನ್ಯವಾದ. ನಿನ್ನೆ ಲೈನ್‌ಮ್ಯಾನ್ ಬಂದರು. ಅವರ ಮುಂದೆಯೇ ಮೂರು ಕಡೆ ಗುಂಡಿ ತೆಗೆದೆವು. ಎರಡರಲ್ಲಿ ಏನೂ ಇಲ್ಲ. ಮೂರನೆಯದರಲ್ಲಿ, ಎರಡು ಅಡಿಗೆ ಸ್ವಲ್ಪ ಕೆಳಗೆ, ಉಸುಕು ಬಂತು ಕಾಕಾ. ನೀವು ಹೇಳಿದ ಹಾಗೇ ಸಲಿಕೆ ಹಗುರಾಯಿತು. ಕೇಬಲ್ ಕಂಬದಿಂದ ನೇರ ಹೋಗಿಲ್ಲ, ನಮ್ಮ ಗೇಟಿನ ಕಡೆ ಬಾಗಿ ಬಂದಿದೆ. ಜೆಸಿಬಿ ಸರಿಯಾಗಿ ಅಲ್ಲೇ ಬಕೆಟ್ ಇಡುತ್ತಿತ್ತು. ಈಗ ಪೈಪ್ ದಾರಿಯನ್ನು ನಾಲ್ಕು ಅಡಿ ಬಲಕ್ಕೆ ಸರಿಸಿದ್ದೇವೆ. ಗೇಟಿನ ಮೂಲೆಯಿಂದ ಟೇಪ್ ಹಿಡಿದು ಅಳತೆ ತೆಗೆದು ಮೀಟರ್ ಬೋರ್ಡ್ ಪಕ್ಕದ ಗೋಡೆಗೆ ಪೇಂಟ್‌ನಲ್ಲಿ ಬರೆದಿದ್ದೇನೆ. ತೆಗೆದ ಗುಂಡಿಗೆ ಅದೇ ಮಣ್ಣು ಹಾಕಿ ಮುಚ್ಚಲಾ?

ನಿವೃತ್ತ ಕೇಬಲ್ ಜಾಯಿಂಟರ್, ಕಲಬುರಗಿ:

ಬೇಡ ತಮ್ಮಾ. ಮೊದಲು ಉಸುಕು, ಕೇಬಲ್ ಪೂರ್ತಿ ಮುಚ್ಚುವಷ್ಟು. ಅದರ ಮೇಲೆ ಇಟ್ಟಿಗೆ ಸಾಲು. ಆಮೇಲೆ ಮಣ್ಣು, ಕಲ್ಲು ಆರಿಸಿ ತೆಗೆದು.