ಬಸ್ಸಿಲ್ಲದ ಊರಿನಲ್ಲಿ ಮಾವನವರ ಆರು ತಿಂಗಳು

ಹೋದ ವರ್ಷದ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಮನೆಗೆ ಅತ್ತೆ ಮಾವ ಮೊದಲ ಬಾರಿಗೆ ಬಂದಿದ್ದರು. ತಂದೆತಾಯಿಯರನ್ನು ಕರೆಸಿಕೊಳ್ಳುವ ಮುನ್ನ ಏನೇನು ಸಿದ್ಧತೆ ಬೇಕೆಂದು ಈ ಗುಂಪಿನಲ್ಲಿ ಕೇಳಿದವರಿಗೆ ವಿಮೆ, ಮಾತ್ರೆ, ವೈದ್ಯರ ಚೀಟಿಗಳ ಬಗ್ಗೆ ಹಲವರು ವಿವರವಾಗಿಯೇ ಬರೆದಿದ್ದಾರೆ. ಆ ಪಟ್ಟಿಯಲ್ಲಿ ಬಾರದ ಒಂದು ಸಂಗತಿಯನ್ನು, ಕಾರಿಲ್ಲದೆ ಅವರು ತಾವಾಗಿ ಎಲ್ಲಿಗಾದರೂ ಹೋಗಬಹುದೇ ಎಂಬುದನ್ನು, ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಮಾವನವರು ಹಾಸನದಲ್ಲಿ ಮೂವತ್ತೊಂದು ವರ್ಷ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿದ್ದವರು. ಸ್ವಿಚ್ಚನ್ನು ಮೇಲಕ್ಕೆ ಒತ್ತಿದರೆ ದೀಪ ಹತ್ತುವುದು, ಗೋಡೆಯನ್ನು ತಟ್ಟಿದರೆ ಟೊಳ್ಳು ಸದ್ದು ಬರುವುದು, ಇವೆಲ್ಲ ಅವರಿಗೆ ಮೊದಲ ವಾರದ ಸೋಜಿಗಗಳು. ಅಂಗಡಿಯಲ್ಲಿ ಅಕ್ಕಿ, ತರಕಾರಿಗೆ ಬರೆದಷ್ಟೇ ಬೆಲೆ, ಕುಕ್ಕರ್‌ಗೆ ಮಾತ್ರ ಅದರ ಮೇಲೆ ಶೇಕಡಾ 6.625 ತೆರಿಗೆ ಎಂಬುದು ತಿಳಿದ ಮೇಲೆ, ಕೌಂಟರ್ ತಲುಪುವಷ್ಟರಲ್ಲಿ ಒಟ್ಟು ಮೊತ್ತವನ್ನು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದರು. ನಮ್ಮ ರಾಜ್ಯದಲ್ಲಿ 1949ರಿಂದಲೂ ಪೆಟ್ರೋಲನ್ನು ನಾವೇ ತುಂಬಿಸಿಕೊಳ್ಳುವಂತಿಲ್ಲವಷ್ಟೆ. ಬಂಕಿನ ಹುಡುಗನನ್ನು ನೋಡಿ, "ಇಷ್ಟೆಲ್ಲ ಯಂತ್ರ ಇರೋ ದೇಶದಲ್ಲಿ ಇವನಿಗೊಂದು ಕೆಲಸ ಉಳಿಸಿದ್ದಾರಲ್ಲ" ಎಂದು ಸಂತೋಷಪಟ್ಟರು.

ಮೂರನೆಯ ದಿನ ಬೆಳಗ್ಗೆ ವಾಕಿಂಗ್ ಮುಗಿಸಿ ಬಂದವರೇ ಕೇಳಿದರು: "ಏನಮ್ಮ, ಇಲ್ಲಿ ಜನ ಎಲ್ಲಿದ್ದಾರೆ?" ನಮ್ಮ ಬಡಾವಣೆಯ ಫುಟ್‌ಪಾತ್ ತಿರುವಿನಲ್ಲಿ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ, ಅದರಾಚೆಗೆ ಹುಲ್ಲು, ಆಮೇಲೆ ಕಾರುಗಳು ಓಡುವ ಹೆದ್ದಾರಿ. ಏಳು ವರ್ಷ ಅಲ್ಲಿ ವಾಸವಿದ್ದೂ ನಾನದನ್ನು ಗಮನಿಸಿರಲಿಲ್ಲ. ಬಸ್ ಸ್ಟಾಪ್ ಎಲ್ಲಿದೆಯೆಂದು ಅವರು ಕೇಳಿದಾಗ ಹುಡುಕಿ ತೋರಿಸಿದೆವು, ಆದರೆ ಅಲ್ಲಿಗೆ ಹೋಗಲು ಕಾರು ಬೇಕಿತ್ತು.

ಅವರ ಪಾಲಿಗೆ ಉಳಿದ ಒಂದೇ ಬಸ್ಸೆಂದರೆ ಮೂರನೆಯ ತರಗತಿಯ ಮೊಮ್ಮಗಳ ಹಳದಿ ಶಾಲಾ ಬಸ್ಸು. ಅದು ನಿಂತು, ಕೆಂಪು ದೀಪಗಳು ಮಿನುಗಿ, ಪಕ್ಕದಿಂದ 'ಸ್ಟಾಪ್' ಫಲಕ ಚಾಚಿಕೊಂಡ ಕೂಡಲೇ ಎರಡೂ ದಿಕ್ಕಿನ ಕಾರುಗಳು ಕಡೇಪಕ್ಷ 25 ಅಡಿ ದೂರದಲ್ಲಿ ನಿಲ್ಲಬೇಕೆಂಬ ನಿಯಮವನ್ನು ಅವರು ಮೊದಲ ದಿನ ನಂಬಲಿಲ್ಲ, ಎರಡನೆಯ ದಿನ ಪರೀಕ್ಷಿಸಲೆಂದೇ ಬೇಗ ಹೋಗಿ ನಿಂತರು. "ಮೂವತ್ತೊಂದು ವರ್ಷ ಫುಟ್‌ಬೋರ್ಡ್ ಮೇಲೆ ನಿಂತು ಕೂಗಿಕೊಂಡರೂ ನನ್ನ ಬಸ್ಸಿಗೆ ಒಂದು ಆಟೋ ನಿಂತಿರಲಿಲ್ಲ" ಎಂದರು. ಅಂದಿನಿಂದ ತಾತ ಮೊಮ್ಮಗಳಿಗೆ ಅದೇ ಆಟ. ಮನೆಯ ಮೆಟ್ಟಿಲ ಮೇಲೆ ಕುಳಿತು ಅವಳು "ಹೋಲ್ಡಾನ್" ಎನ್ನುವುದು, ಇವರು ಟಿಕೆಟ್ ಹರಿದು ಚಿಲ್ಲರೆ ಎಣಿಸಿ ಕೊಡುವುದು, ಮತ್ತೆ "ರೈಟ್ ರೈಟ್". ಭಾನುವಾರದ ಕನ್ನಡ ತರಗತಿಯಲ್ಲಿ ಇಪ್ಪತ್ತರಾಚೆ ಎಣಿಸಲು ತಡವರಿಸುತ್ತಿದ್ದವಳು ಜೂನ್ ಹೊತ್ತಿಗೆ "ಎಪ್ಪತ್ತೆರಡು ರೂಪಾಯಿ, ಚಿಲ್ಲರೆ ಕೊಡಿ" ಎನ್ನುವಂತಾದಳು. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ ಎಂದು ನಿಲ್ದಾಣಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು.

ಅವರಿಬ್ಬರೂ ಅಷ್ಟು ಹತ್ತಿರವಾದದ್ದು ಅಕ್ಕರೆಯಿಂದ ಮಾತ್ರವಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ಇನ್ನೊಬ್ಬರು ಕಾರಿನಲ್ಲಿ ಕರೆದೊಯ್ಯದೆ ಎಲ್ಲಿಗೂ ಹೋಗಲಾಗದವರು ಆ ಮನೆಯಲ್ಲಿ ಅವರಿಬ್ಬರೇ. (ಅತ್ತೆಯೂ ಹಾಗೆಯೇ, ಆದರೆ ಅವರು ಎರಡೇ ವಾರದಲ್ಲಿ ಪಕ್ಕದ ಮನೆಯ ಗುಜರಾತಿ ಅಜ್ಜಿಯ ಗೆಳೆತನ ಸಂಪಾದಿಸಿದ್ದರು, ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದರೋ ದೇವರೇ ಬಲ್ಲ.) ಮಗಳಿಗೆ ಇಲ್ಲಿ ಒಬ್ಬಳೇ ಕಾರು ಓಡಿಸುವ ಲೈಸೆನ್ಸ್ ಸಿಗುವುದು 17ನೆಯ ವಯಸ್ಸಿಗೆ. ಅಲ್ಲಿಯವರೆಗೆ ಗೆಳತಿಯ ಮನೆಗೂ ನಾವೇ ಬಿಡಬೇಕು, ನಾವೇ ಕರೆತರಬೇಕು. ಹಾಸನದಲ್ಲಿ ಅವಳ ವಯಸ್ಸಿನಲ್ಲಿ ನನ್ನ ಗಂಡ ಒಬ್ಬರೇ ಹೋಗಿ ಮೊಸರು ತರುತ್ತಿದ್ದರಂತೆ.

ಶನಿವಾರ ಬಂತೆಂದರೆ ಮಾವನವರು ಬೆಳಗ್ಗೆ ಎಂಟಕ್ಕೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಚೀಲ ಮಡಿಚಿ ಜೇಬಿನಲ್ಲಿಟ್ಟುಕೊಂಡು ಸೋಫಾದ ಅಂಚಿನಲ್ಲಿ ಕುಳಿತಿರುತ್ತಿದ್ದರು. ನಾವು ಹೊರಡುತ್ತಿದ್ದುದು ಹನ್ನೊಂದಕ್ಕೆ. ಭಾರತೀಯ ಅಂಗಡಿಗಳ ಸಾಲಿರುವ ಓಕ್ ಟ್ರೀ ರೋಡಿನಲ್ಲಿ ಇಳಿಸಿದರೆ ಎರಡು ಗಂಟೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು. ಏನನ್ನೂ ಕೊಳ್ಳುತ್ತಿರಲಿಲ್ಲ, ಭುಜಕ್ಕೆ ಭುಜ ತಾಗುವಷ್ಟು ಜನರಿದ್ದರೆ ಸಾಕಿತ್ತು. ಆಗಸ್ಟ್ ಹೊತ್ತಿಗೆ ಹೊರಗೆ ಹೋಗೋಣವೆಂದು ಕೇಳುವುದನ್ನೇ ಬಿಟ್ಟರು. ಒಗ್ಗಿಕೊಂಡರೆಂದು ನಾವು ಸಮಾಧಾನ ಮಾಡಿಕೊಂಡೆವು. ಅದು ನಮ್ಮ ತಪ್ಪು.

ಬರುವ ಜೂನ್‌ನಲ್ಲಿ ನಮ್ಮ ಮನೆಯ ಬಾಡಿಗೆ ಕರಾರು ಮುಗಿಯುತ್ತದೆ, ಜುಲೈನಲ್ಲಿ ಅವರು ಮತ್ತೆ ಬರುವವರಿದ್ದಾರೆ. ಈ ಸಲ ಶಾಲೆಯ ರ‍್ಯಾಂಕಿಂಗ್ ಒಂದನ್ನೇ ನೋಡದೆ, ರೈಲು ನಿಲ್ದಾಣಕ್ಕೆ ನಡೆದು ಹೋಗಬಹುದಾದ ಕಡೆ ಮನೆ ಹುಡುಕುತ್ತಿದ್ದೇವೆ; ನ್ಯೂಜೆರ್ಸಿ ಟ್ರಾನ್ಸಿಟ್‌ನಲ್ಲಿ 62 ದಾಟಿದವರಿಗೆ ರಿಯಾಯಿತಿ ದರವೂ ಇದೆ. ಮೆಟಚೆನ್ ಪೇಟೆಯ ಬಳಿ ಅಥವಾ ಮೆಟ್ರೋಪಾರ್ಕ್ ಹತ್ತಿರ ವಾಸವಿರುವವರು ಇದ್ದರೆ ದಯವಿಟ್ಟು ತಿಳಿಸಿ: ಎರಡು ಮಲಗುವ ಕೋಣೆಯ ಮನೆಗೆ ಈಗ ಬಾಡಿಗೆ ಎಷ್ಟಿದೆ, ಮತ್ತು ಮನೆಯಿಂದ ತರಕಾರಿ ಅಂಗಡಿಯವರೆಗೆ ಫುಟ್‌ಪಾತ್ ಎಲ್ಲೂ ಕಡಿದುಹೋಗದೆ ಇದೆಯೇ?