ಸಹಾಯ ಬೇಕು: ಬೆಂಗಳೂರಿನಲ್ಲಿ ಸ್ಟೀಲ್ ಗಿಟಾರ್ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಎಡಗೈಯಲ್ಲಿ ಹಿಡಿದ ಉಕ್ಕಿನ ಸರಳನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ಸ್ಟೀಲ್ ಗಿಟಾರ್, ಅಂದರೆ ಹವಾಯಿಯನ್ ಗಿಟಾರ್, ಮಾರುವ ಅಂಗಡಿ ಬೆಂಗಳೂರಿನಲ್ಲಿ ಎಲ್ಲಿದೆಯೆಂದು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ವಿಚಾರಿಸಿದ ಕಡೆಯಲ್ಲೆಲ್ಲ ಉಕ್ಕಿನ ತಂತಿ ಹಾಕಿದ ಸಾಮಾನ್ಯ ಗಿಟಾರನ್ನೇ ತೋರಿಸುತ್ತಾರೆ. ನನಗೆ ಬೇಕಿರುವುದು ಸರಳು, ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳಿಗೆ ತಾಗದಷ್ಟು ಎತ್ತರದಲ್ಲಿ ತಂತಿಗಳಿರುವ ವಾದ್ಯ. ಗಿಟಾರ್ ವಾದಕ ಬ್ರಿಜ್ ಭೂಷಣ್ ಕಾಬ್ರಾ ಅವರು ಇದರಲ್ಲಿ ಹಿಂದೂಸ್ತಾನಿ ರಾಗಗಳ ಮೀಂಡನ್ನು (ಸ್ವರದಿಂದ ಸ್ವರಕ್ಕೆ ಜಾರುವ ಎಳೆತವನ್ನು) ಎಳೆಯುವ ಪರಿಯನ್ನು ಕೇಳಿದಂದಿನಿಂದ ಇದನ್ನೇ ಕಲಿಯಬೇಕೆಂಬ ಆಸೆ ಗಟ್ಟಿಯಾಗಿದೆ. ದೂರದಿಂದ ತರಿಸುವುದಕ್ಕಿಂತ, ಕುತ್ತಿಗೆ ನೇರವಾಗಿದೆಯೇ, ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಕೈಯಾರೆ ಪರೀಕ್ಷಿಸಿ ಕೊಳ್ಳುವುದೇ ಮೇಲೆಂದು ನನ್ನ ಅಭಿಪ್ರಾಯ. ಸಿದ್ಧ ವಾದ್ಯ ಸಿಗದಿದ್ದರೆ, ಸಾಮಾನ್ಯ ಗಿಟಾರಿಗೆ ಎತ್ತರದ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ) ಕೂರಿಸಿ ಸರಿಹೊಂದಿಸಿಕೊಡುವ ರಿಪೇರಿ ಅಂಗಡಿಯ ವಿಳಾಸವಾದರೂ ಉಪಕಾರವಾಗುತ್ತದೆ.